ಪರಿಹಾರ ಕೇಂದ್ರಕ್ಕೆ ಹೋದೆ, ವಾಪಸ್ ಕಳಿಸಿದರು. ನರ್ಸ್ ಆಗಿ ನಾನು ಎಲ್ಲಿ ಉಪಯೋಗಕ್ಕೆ ಬರಬಹುದು?

ರಾತ್ರಿಪಾಳಿ:
ಎಲ್ಲರಿಗೂ ನಮಸ್ಕಾರ. ನಾನು 14 ವರ್ಷ ನರ್ಸ್ ಆಗಿ ಕೆಲಸ ಮಾಡಿದ್ದೇನೆ, ಅದರಲ್ಲಿ ಜಾಸ್ತಿ ಐಸಿಯುನಲ್ಲೇ. ಮಗು ಚಿಕ್ಕದು ಅಂತ ಈಗ 2 ವರ್ಷದಿಂದ ಮನೆಯಲ್ಲಿದ್ದೇನೆ. ಕಳೆದ ವರ್ಷ ನೆರೆ ಬಂದಾಗ ಮನಸ್ಸು ತಡೆಯಲಿಲ್ಲ. ಗ್ಲೌಸು, ಬಿಪಿ ಮಷೀನು, ಒಂದಿಷ್ಟು ಮಾತ್ರೆ ಬ್ಯಾಗಿಗೆ ಹಾಕಿಕೊಂಡು ಹತ್ತಿರದ ಪರಿಹಾರ ಕೇಂದ್ರಕ್ಕೆ ಹೋದೆ. ಯಾವ ತಂಡ ಅಂತ ಕೇಳಿದರು. ಯಾವ ತಂಡವೂ ಅಲ್ಲ, ನಾನೇ ಬಂದೆ ಅಂದೆ. ನೋಂದಣಿ ಪತ್ರ ಕೇಳಿದರು, ಅದು ಮನೆಯಲ್ಲಿತ್ತು. ಕೈ ಮುಗಿದು ವಾಪಸ್ ಕಳಿಸಿದರು. ಒಳಗೆ ಒಬ್ಬ ಅಜ್ಜಿ ಏದುಸಿರು ಬಿಡುತ್ತಾ ಕೂತಿದ್ದು ಬಾಗಿಲಿನಿಂದಲೇ ಕಾಣುತ್ತಿತ್ತು. ಅದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಈಗ ನಮ್ಮಲ್ಲಿ ಆರೋಗ್ಯ ಇಲಾಖೆಯವರು ಸ್ವಯಂಸೇವಕರ ಪಟ್ಟಿ ಮಾಡುತ್ತಿದ್ದಾರೆ. ಸೇರಬೇಕಾ? ಸೇರಿದರೆ ನಿಜವಾಗಿ ಏನು ಕೆಲಸ ಕೊಡುತ್ತಾರೆ? ಏನಾದರೂ ಎಡವಟ್ಟಾದರೆ ಹೊಣೆ ಯಾರದ್ದು? ಇಂಥ ತಂಡದಲ್ಲಿ ಇದ್ದವರು ದಯವಿಟ್ಟು ಹೇಳಿ.

ಹಳೇ ಸಿಸ್ಟರ್:
ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ನಾನು ಆ ಬಾಗಿಲಿನ ಒಳಗಡೆ ನಿಂತವಳು, ಆ ಕಡೆಯ ಮಾತನ್ನೂ ಕೇಳಿ. ಗುರುತಿಲ್ಲದವರು ಬಂದು ನಾನು ನರ್ಸ್ ಅಂದರೆ ನಂಬುವುದು ಹೇಗೆ? ಅವರ ಕೈಗೆ ಸಿರಿಂಜು ಕೊಡುವುದು ಹೇಗೆ? ಪರೀಕ್ಷೆ ಮಾಡುತ್ತಾ ಕೂರಲು ಆಗ ಯಾರಿಗೂ ಪುರುಸೊತ್ತಿರಲ್ಲ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂಯಾರ್ಕಿನಲ್ಲಿ ಆಗಿದ್ದೂ ಇದೇ. ಡಾಕ್ಟರು, ನರ್ಸುಗಳು ಗುಂಪು ಗುಂಪಾಗಿ ತಾವಾಗೇ ಓಡಿ ಬಂದರು. ಯಾರ ಲೈಸೆನ್ಸ್ ಚಾಲ್ತಿಯಲ್ಲಿದೆ ಅಂತ ಆ ಗದ್ದಲದಲ್ಲಿ ನೋಡಲು ದಾರಿ ಇರಲಿಲ್ಲ, ಬಂದವರಲ್ಲಿ ತುಂಬಾ ಜನರಿಗೆ ಕೆಲಸವೇ ಸಿಗಲಿಲ್ಲ. ಕೆಲವೇ ವಾರಗಳಲ್ಲಿ ಅಂಚೆಯಲ್ಲಿ ಆಂಥ್ರಾಕ್ಸ್ ಅನ್ನುವ ಮಾರಕ ರೋಗಾಣುವಿನ ಪುಡಿ ತುಂಬಿದ ಪತ್ರಗಳು ಬಂದವು. ಆಗ ಸಾವಿರಾರು ಜನರಿಗೆ ಬೇಗ ಬೇಗ ಆಂಟಿಬಯೋಟಿಕ್ ಹಂಚಬೇಕಾಯಿತು. ಅಲ್ಲಿ ಮೆಡಿಕಲ್ ರಿಸರ್ವ್ ಕೋರ್ ಅಂತ ಊರೂರಿನ ತಂಡಗಳು 2002ರಲ್ಲಿ ಶುರುವಾಗಿದ್ದು ಇದಾದ ಮೇಲೆ. ಆಪತ್ತು ಬರುವ ಮೊದಲೇ ಹೆಸರು, ಲೈಸೆನ್ಸು, ತರಬೇತಿ ಎಲ್ಲ ನೋಡಿ ಇಟ್ಟುಕೊಳ್ಳುವುದು, ಬಂದಾಗ ಫೋನ್ ಮಾಡಿ ಕರೆಯುವುದು. ಕರೆಯದೆ ಯಾರೂ ಹೊರಡಬಾರದು, ಅದು ಮೊದಲ ನಿಯಮ.

ಹಾಗಾಗಿ ಖಂಡಿತ ಸೇರಿ. ಆದರೆ ಐಸಿಯು ಕೆಲಸವೇ ಸಿಗುತ್ತದೆ ಅಂದುಕೊಳ್ಳಬೇಡಿ. ನನಗೆ ಮೊದಲ 3 ದಿನ ಕೊಟ್ಟಿದ್ದು ಒಂದು ಪುಸ್ತಕ, ಒಂದು ಪೆನ್ನು. ಭೇದಿ ಯಾರಿಗೆ, ವಯಸ್ಸೆಷ್ಟು, ಯಾವ ಕೋಣೆ, ಎಲ್ಲಿಯ ನೀರು ಕುಡಿದರು, ದಿನಾ ಸಂಜೆ ಬರೆದು ಕೊಡಬೇಕು. ಇದಕ್ಕೆ ನಾನು ಯಾಕೆ ಅಂತ ಬೇಜಾರಾಗಿತ್ತು. ಮೂರನೇ ದಿನ ಪುಸ್ತಕ ನೋಡಿದರೆ ಒಂದೇ ಟ್ಯಾಂಕಿನ ನೀರು ಕುಡಿದ 6 ಮಕ್ಕಳು ಸಾಲಾಗಿ ಇದ್ದರು. ಅವತ್ತೇ ಟ್ಯಾಂಕ್ ಮುಚ್ಚಿಸಿದೆವು. ಆ ಮಕ್ಕಳಿಗೆ ಓಆರ್‌ಎಸ್ ಕುಡಿಸಿದೆವು, ಸತುವಿನ ಮಾತ್ರೆ ಶುರು ಮಾಡಿದೆವು, ಒಬ್ಬರಿಗೂ ಡ್ರಿಪ್ ಬೇಕಾಗಲಿಲ್ಲ.

ಔಷಧಿ ಅಂಗಡಿಯವ:
ನಾನು ಫಾರ್ಮಸಿಸ್ಟ್. ರಾತ್ರಿಪಾಳಿ ಅವರೇ, ನೀವು ಆ ಬ್ಯಾಗಿನಲ್ಲಿ ಮಾತ್ರೆ ತಗೊಂಡು ಹೋಗಿದ್ದರ ಬಗ್ಗೆ ಒಂದು ಮಾತು, ತಪ್ಪು ತಿಳಿಯಬೇಡಿ. ಪರಿಹಾರ ಕೇಂದ್ರಕ್ಕೆ ಜನ ಒಳ್ಳೇ ಮನಸ್ಸಿನಿಂದ ಕೊಟ್ಟ ಮಾತ್ರೆಗಳನ್ನು ಬೇರ್ಪಡಿಸುವುದೇ ನನಗೆ 2 ದಿನದ ಕೆಲಸವಾಗಿತ್ತು. ಅರ್ಧ ಕತ್ತರಿಸಿದ ಸ್ಟ್ರಿಪ್, ತಾರೀಖು ಇರುವ ತುದಿಯೇ ಇಲ್ಲ. ಹೆಸರು ಅಳಿಸಿದ ಬಾಟಲಿ. ಯಾರೋ ಅರ್ಧಕ್ಕೆ ಬಿಟ್ಟ ಆಂಟಿಬಯೋಟಿಕ್. ಅದೆಲ್ಲ ಎಸೆಯಲೇಬೇಕು, ಎಸೆಯುವುದಕ್ಕೂ ಕ್ರಮ ಇದೆ. ದಾನ ಬರುವ ಔಷಧಿಗೆ ಕನಿಷ್ಠ ಒಂದು ವರ್ಷವಾದರೂ ಅವಧಿ ಉಳಿದಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇದೆ.

ನೆರೆ, ಭೂಕಂಪ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಗಾಯ, ರಕ್ತ. ನಾನು ನೋಡಿದ ಮಟ್ಟಿಗೆ ಕೇಂದ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳುವುದು ದಿನಾ ತಗೊಳ್ಳುವ ಮಾತ್ರೆಯನ್ನೇ. ಉಟ್ಟ ಬಟ್ಟೆಯಲ್ಲಿ ಹೊರಟವರು ಬಿಪಿ ಮಾತ್ರೆ ಎಲ್ಲಿ ನೆನೆಸಿಕೊಳ್ಳುತ್ತಾರೆ? ಮೂರನೇ ದಿನಕ್ಕೆ ತಲೆ ಸುತ್ತು ಅಂತ ಬರುತ್ತಾರೆ. ಯಾವ ಮಾತ್ರೆ ಅಮ್ಮಾ ಅಂದರೆ, ಬಿಳೀದು, ಸಣ್ಣದು ಅನ್ನುತ್ತಾರೆ. ಪಕ್ಕದಲ್ಲಿ ಕೂತು, ಯಾವಾಗಿಂದ, ದಿನಕ್ಕೆ ಎಷ್ಟು ಸಲ, ಕಾಲು ಊದುತ್ತಿತ್ತಾ, ಒಂದೊಂದಾಗಿ ಕೇಳಿ ಅದು ಯಾವುದು ಅಂತ ಹಿಡಿಯಬೇಕು. ಫಿಟ್ಸ್ ಮಾತ್ರೆ ತಟ್ಟನೆ ನಿಂತರೆ ಫಿಟ್ಸ್ ಮರುಕಳಿಸಬಹುದು, ಅದಕ್ಕೆ ನಾಳೆ ಅಂತಿಲ್ಲ. ಕ್ಷಯದ ಔಷಧಿ ನಡುವೆ ತಪ್ಪಿದರೆ ರೋಗವೇ ಔಷಧಿಗೆ ಬಗ್ಗದ ಹಾಗೆ ಆಗಬಹುದು. ಇನ್ಸುಲಿನ್ ಇದ್ದವರು ಕರೆಂಟ್ ಇಲ್ಲ, ಫ್ರಿಜ್ ಇಲ್ಲ ಅಂತ ಅಳುತ್ತಾರೆ. ತೆರೆದ ಇನ್ಸುಲಿನ್ ಸಾಮಾನ್ಯವಾಗಿ 4 ವಾರದವರೆಗೆ ಹೊರಗಿಡಬಹುದು, ಬಿಸಿಲು, ಜಾಸ್ತಿ ಸೆಕೆ ತಾಗಬಾರದು ಅಷ್ಟೇ ಅಂತ ಹೇಳಿದಾಗ ಅವರ ಮುಖ ನೋಡಬೇಕು. ನೀವು ನೋಡಿದ ಆ ಅಜ್ಜಿಯೂ ಹೀಗೇ ಯಾವುದೋ ಮಾತ್ರೆ ತಪ್ಪಿ ಕೂತಿದ್ದಿರಬಹುದು. ಇದನ್ನೆಲ್ಲ ಕೇಳಿ ತಿಳಿಯಲು ನಿಮ್ಮಂಥವರೇ ಬೇಕು.

ಕಡ್ಡಿ ಮುರಿದಂತೆ:
ಎಲ್ಲ ಸರಿ. ಆದರೆ ಒಂದು ಕೇಳುತ್ತೇನೆ. ಖಾಲಿ ಬಿದ್ದ ನರ್ಸ್ ಹುದ್ದೆಗಳನ್ನು ತುಂಬದೆ ಪ್ರತಿ ಸಲ ಸ್ವಯಂಸೇವಕರನ್ನು ಕರೆದರೆ ಅದು ಸರಿಯಾ? ನಾನು ಲ್ಯಾಬ್ ಟೆಕ್ನಿಷಿಯನ್. ಒಂದು ಕಡೆ ಎರಡು ವಾರಕ್ಕೆ ಅಂತ ಹೋದವನನ್ನು ಐದು ತಿಂಗಳು ಬಿಡಲಿಲ್ಲ. ಕೊನೆಗೆ ನಾವು ಇಲ್ಲದಿದ್ದರೆ ಅಲ್ಲಿ ಕೆಲಸವೇ ನಡೆಯದ ಹಾಗಾಯಿತು. ಹೆಸರು ಬರೆಸುವ ಮೊದಲು ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ ಅಂತ ಬರಹದಲ್ಲಿ ಕೇಳಿ.

ಹಳೇ ಸಿಸ್ಟರ್:
ಈ ಮಾತು ಒಪ್ಪುತ್ತೇನೆ, ನನಗೂ ಈ ಸಿಟ್ಟಿದೆ. ಐದು ತಿಂಗಳು ಆಪತ್ತಲ್ಲ, ಅದು ಆಳಿನ ಕೊರತೆ. ಹಾಗಂತ ನೀರು ಏರಿದ ರಾತ್ರಿ ಇದ್ದ ಎಲ್ಲ ಹುದ್ದೆ ತುಂಬಿದ್ದರೂ ಕೈ ಸಾಲುವುದಿಲ್ಲ. ಕೊರೊನಾ ಲಸಿಕೆ ಹಾಕುವಾಗ ಎಷ್ಟು ಕೈ ಬೇಕಾಯಿತು ನೆನಪಿದೆಯಲ್ವಾ? 2021ರಲ್ಲಿ ಅಮೆರಿಕದಲ್ಲಿ ಹಲ್ಲಿನ ಡಾಕ್ಟರು, ಪಶುವೈದ್ಯರಿಗೂ ಲಸಿಕೆ ಹಾಕಲು ಅವಕಾಶ ಕೊಟ್ಟರು. ಅಷ್ಟು ಜನರನ್ನು ವರ್ಷವಿಡೀ ಸಂಬಳ ಕೊಟ್ಟು ಇಟ್ಟುಕೊಳ್ಳಲು ಯಾರಿಗೂ ಆಗಲ್ಲ.

ಬೆಟ್ಟದ ಡಾಕ್ಟರು:
ಹೊಣೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕಾನೂನು ಒಂದೊಂದು ಕಡೆ ಒಂದೊಂದು ಥರ, ಅದಕ್ಕೇ ಸೇರುವಾಗಲೇ ಕೇಳಬೇಕು: ನನಗೆ ಗಾಯವಾದರೆ ವಿಮೆ ಇದೆಯಾ, ನನ್ನಿಂದ ತಪ್ಪಾದರೆ ಇಲಾಖೆ ಜೊತೆಗೆ ನಿಲ್ಲುತ್ತದಾ, ನನ್ನ ಮೇಲಿನವರು ಯಾರು. ಉತ್ತರ ಬರಹದಲ್ಲಿ ಸಿಗದಿದ್ದರೆ ಸೇರಬೇಡಿ. ಇನ್ನೊಂದು, ನಿಮ್ಮ ಲೈಸೆನ್ಸಿನ ಹೊರಗಿನ ಕೆಲಸ ಯಾರು ಎಷ್ಟೇ ಒತ್ತಾಯ ಮಾಡಿದರೂ ಮಾಡಬೇಡಿ, ಅಂಥ ದಿನ ಒತ್ತಾಯ ಬಂದೇ ಬರುತ್ತದೆ.

2010ರ ಹೈಟಿ ಭೂಕಂಪದಲ್ಲಿ ಹೊರಗಿನಿಂದ ಬಂದ ತಂಡಗಳಲ್ಲಿ ಕೆಲವು ಒಳ್ಳೆಯ ಕೆಲಸ ಮಾಡಿದವು, ಕೆಲವು ಯಾವ ತಯಾರಿಯೂ ಇಲ್ಲದೆ ಬಂದಿದ್ದವು. ಅಂಥವರಲ್ಲಿ ಕೆಲವರು, ಕಾಲು ತೆಗೆದ ರೋಗಿಯನ್ನು ಮುಂದೆ ಯಾರು ನೋಡಿಕೊಳ್ಳಬೇಕು ಅನ್ನುವ ಕಾಗದವೂ ಇಲ್ಲದೆ ಹೊರಟುಹೋದರು. ಅದಾದ ಮೇಲೆ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ತಂಡಗಳಿಗೆ ಕನಿಷ್ಠ ಮಟ್ಟ ಅಂತ ಮಾಡಿತು. ಊಟ, ನೀರು, ಡೇರೆ ತಂಡವೇ ತರಬೇಕು, ದಾಖಲೆ ಇಡಬೇಕು. ಅದು ದೊಡ್ಡ ತಂಡಗಳ ಮಾತು, ಆದರೆ ನಿಮಗೂ ಇದೇ ಅನ್ವಯ. ನಿಮ್ಮ ನೀರು, ನಿಮ್ಮ ಟಾರ್ಚು, ನೀವೇ ತಗೊಳ್ಳುವ ಮಾತ್ರೆ ನಿಮ್ಮ ಬ್ಯಾಗಿನಲ್ಲಿರಲಿ. ಮುಟ್ಟಿದ ಪ್ರತಿ ರೋಗಿಯ ಬಗ್ಗೆ ಎರಡು ಸಾಲಾದರೂ ಬರೆಯಿರಿ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಇವತ್ತೇ ಮನೆಯಲ್ಲಿ ಮಾತಾಡಿ. ಮನೆಯ ಚಿಂತೆ ಇಟ್ಟುಕೊಂಡು ಬಂದ ನರ್ಸ್ ಮಧ್ಯರಾತ್ರಿ ಫೋನ್ ಹಿಡಿದು ಮೂಲೆಯಲ್ಲಿ ಅಳುವುದನ್ನು ನೋಡಿದ್ದೇನೆ, ಅವರದ್ದು ಏನೂ ತಪ್ಪಿರಲಿಲ್ಲ.

ರಾತ್ರಿಪಾಳಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ಬ್ಯಾಗಿನ ಮಾತ್ರೆ ವಿಷಯ ಓದಿ ಯೋಚನೆಗೆ ಬಿದ್ದೆ, ಅವುಗಳಲ್ಲಿ ಎರಡು ಸ್ಟ್ರಿಪ್ ಅರ್ಧದ್ದೇ ಇದ್ದವು. ಅತ್ತೆಯ ಹತ್ತಿರ ಮಾತಾಡಿದೆ, ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಹೋಗು ಅಂದರು. ಶನಿವಾರ ಹೋಗಿ ಹೆಸರು ಬರೆಸುತ್ತೇನೆ. ಲೈಸೆನ್ಸ್ ನವೀಕರಣಕ್ಕೂ ಅರ್ಜಿ ಹಾಕಿದೆ. ಬೇರೆ ಏನಾದರೂ ಈಗಲೇ ಮಾಡಿಕೊಳ್ಳಬೇಕಾ?

ಹಳೇ ಸಿಸ್ಟರ್:
ನಿಮ್ಮ ಲಸಿಕೆಯ ಕಾರ್ಡ್ ಹುಡುಕಿ. ಟೆಟನಸ್ ಹಾಕಿಸಿ 10 ವರ್ಷ ದಾಟಿದ್ದರೆ ಒಂದು ಬೂಸ್ಟರ್. ಹೆಪಟೈಟಿಸ್ ಬಿ ಮೊದಲೇ ಪೂರ್ತಿ ಆಗಿದ್ದರೆ ಸರಿ, ಆಗಿಲ್ಲದಿದ್ದರೆ ಇದೇ ವಾರ ಶುರು ಮಾಡಿ. ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.