ಒಟಿಪಿ ಗಂಡನ ಫೋನಿಗೆ, ಹೆಂಡತಿ ಅಂಗನವಾಡಿಯಲ್ಲಿ: ಏನು ಮಾಡಲಿ? ಸಹಾಯ ಬೇಕು

ನಮಸ್ಕಾರ ಅಕ್ಕಂದಿರೇ. ನಾನು ಮಲೆನಾಡಿನ ಸಣ್ಣ ಊರೊಂದರ ಅಂಗನವಾಡಿ ಟೀಚರ್. 2025ರ ಜುಲೈನಿಂದ ಮನೆಗೆ ಕೊಡುವ ಆಹಾರಕ್ಕೆ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖದ ಫೋಟೋ ಕಡ್ಡಾಯ ಆಯ್ತಲ್ಲ, ಅಲ್ಲಿಂದ ಶುರು ನನ್ನ ಪಾಡು. ಅದಕ್ಕೆ ಆಧಾರ್ ಇ-ಕೆವೈಸಿ (ಗುರುತಿನ ಪರಿಶೀಲನೆ) ಆಗಬೇಕು, ಅದರ ಒಟಿಪಿ ಆಧಾರ್‌ಗೆ ಜೋಡಿಸಿದ ನಂಬರಿಗೇ ಬರುತ್ತದೆ.

ಒಂದು ವರ್ಷದ ಮಗುವಿನ ತಾಯಿ. ಅವರ ಆಧಾರ್‌ಗೆ ಇರುವುದು ಗಂಡನ ನಂಬರ್. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದಾರೆ, ಹಗಲು ಫೋನ್ ಎತ್ತುವುದಿಲ್ಲ. ಎತ್ತಿ ಒಟಿಪಿ ಹೇಳುವಷ್ಟರಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೋಗಿರುತ್ತದೆ. ಮೂರು ದಿನ ಸಿಗ್ನಲ್ ಹುಡುಕಿಕೊಂಡು ಶಾಲೆ ಹಿಂದಿನ ಗುಡ್ಡ ಹತ್ತಿದೆವು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು! ನನಗೇ ನಾಚಿಕೆ ಆಯ್ತು. ಹಿಟ್ಟಿನ ಪ್ಯಾಕೆಟ್ ಕಣ್ಣೆದುರಿಗೇ ಇದೆ, ಕೊಟ್ಟರೆ ಲೆಕ್ಕ ಕೂಡುವುದಿಲ್ಲ. ಸೂಪರ್‌ವೈಸರ್ ಮೇಡಂನ ಕೇಳಿದರೆ 'ಸಂಜೆ ಟ್ರೈ ಮಾಡಿ' ಅಂತಾರೆ ಅಷ್ಟೇ.

ಇನ್ನೊಬ್ಬರು ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಾರೆ. ಹೆಸರು ನಮ್ಮ ಕೇಂದ್ರದಲ್ಲೇ ಇದೆ. ಹಾಗಾಗಿ ಅಲ್ಲಿ ಮಾತೃಪೂರ್ಣ ಊಟ (ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಕೊಡುವ ಬಿಸಿಯೂಟ) ಸಿಗುತ್ತಿಲ್ಲ.

ಆಧಾರ್‌ನಲ್ಲಿ ನಂಬರ್ ಬದಲಾಯಿಸಿದ ಮೇಲೆ ಇ-ಕೆವೈಸಿ ಮತ್ತೆ ಮೊದಲಿಂದ ಮಾಡಬೇಕಾ? ತವರಿಗೆ ಹೋದವರ ವರ್ಗಾವಣೆ ನಾನು ಮಾಡಬೇಕಾ, ಅಲ್ಲಿನ ಟೀಚರ್ ಮಾಡಬೇಕಾ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ. ಸ್ಕ್ರೀನ್‌ಶಾಟ್ ಇದ್ದರೆ ಇನ್ನೂ ಒಳ್ಳೆಯದು, ನನ್ನ ಫೋನಿನಲ್ಲಿ ವಿಡಿಯೋ ಓಡುವುದಿಲ್ಲ.