‘ಹಡಗಿನ ಪಕ್ಷಿತಜ್ಞ’: ಹಡಗು ಯಾರದ್ದು, ತಜ್ಞನದ್ದೋ ಹಕ್ಕಿಯದ್ದೋ?

ಮಾನ್ಯರೇ,

ಹಡಗಿನಲ್ಲಿದ್ದುಕೊಂಡು ಹಕ್ಕಿಗಳ ಅಭ್ಯಾಸ ಮಾಡಿದವರ ಬದುಕಿನ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಮದುವೆಯಾದ ವರ್ಷವೇ, ಅಂದರೆ 1912ರಲ್ಲಿ, ‘ಡೈಸಿ’ ಎಂಬ ತಿಮಿಂಗಿಲ ಬೇಟೆಯ ಹಡಗನ್ನೇರಿ ದಕ್ಷಿಣ ಜಾರ್ಜಿಯಾ ದ್ವೀಪಕ್ಕೆ ಹೊರಟು, ದೂರವಿದ್ದ ಹೆಂಡತಿಗಾಗಿ ದಿನಚರಿ ಬರೆದಿಟ್ಟ ಅಮೆರಿಕದ ಪಕ್ಷಿವಿಜ್ಞಾನಿ ರಾಬರ್ಟ್ ಕುಶ್‌ಮನ್ ಮರ್ಫಿಯವರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂಬಲ್ಲಿ ಬರವಣಿಗೆ ನಿಂತಿದೆ.

ಮೊದಲು ‘ಹಡಗಿನ ಪಕ್ಷಿತಜ್ಞ’ ಎಂದು ಬರೆದೆ. ‘ಹಡಗಿನ ವೈದ್ಯ’ ಎಂದರೆ ಯಾರಿಗೂ ಗೊಂದಲವಾಗದು. ಇಲ್ಲಿ ಮಾತ್ರ ಷಷ್ಠಿಯ ಪಕ್ಕದಲ್ಲೇ ‘ಪಕ್ಷಿ’ ಕುಳಿತಿರುವುದರಿಂದ ಹಡಗು ಹಕ್ಕಿಗೇ ಅಂಟಿಕೊಳ್ಳುತ್ತದೆ. ಹಡಗಿನ ಹಕ್ಕಿಗಳು ನಿಜವಾಗಿಯೂ ಇವೆ. ಸಾಗುವ ಹಡಗಿನ ಒಂದು ಬದಿಯಲ್ಲಿ 300 ಮೀಟರ್ ಅಗಲದ ಪಟ್ಟಿಯೊಳಗೆ ಕಂಡವನ್ನು ಎಣಿಸುವುದು ಈ ತಜ್ಞರ ರೂಢಿ. ಹಡಗನ್ನು ಹಿಂಬಾಲಿಸುವ ಹಕ್ಕಿಗಳನ್ನು ಬೇರೆಯಾಗಿ ಗುರುತಿಸದಿದ್ದರೆ ಒಂದೇ ಹಕ್ಕಿ ಹತ್ತು ಸಲ ಲೆಕ್ಕಕ್ಕೆ ಬಂದೀತು. ‘ಹಡಗಿನ ಹಕ್ಕಿ’ ಎಂಬ ಹೆಸರು ಅವಕ್ಕೇ ಸಲ್ಲಬೇಕು.

ಇನ್ನೂ ಹಳೆಯ ಹಡಗಿನ ಹಕ್ಕಿಯೊಂದು ಬೌದ್ಧರ ಪಾಲಿ ಗ್ರಂಥವಾದ ದೀಘನಿಕಾಯದಲ್ಲಿದೆ. ಕಡಲ ವ್ಯಾಪಾರಿಗಳು ಜೊತೆಗೊಯ್ದ ಹಕ್ಕಿಯನ್ನು ಹಾರಿಬಿಡುತ್ತಿದ್ದರು. ನೆಲ ಕಂಡರೆ ಅದು ಅತ್ತ ಹೋಗುತ್ತಿತ್ತು, ಕಾಣದಿದ್ದರೆ ಹಡಗಿಗೇ ಮರಳುತ್ತಿತ್ತು. ಪಾಲಿಯಲ್ಲಿ ಅದಕ್ಕೆ ‘ತೀರದಸ್ಸಿ ಸಕುಣ’, ತೀರ ಕಾಣುವ ಹಕ್ಕಿ, ಎಂದು ಹೆಸರು. ಸಂಸ್ಕೃತದಲ್ಲೂ ಶಕುನವೆಂದರೆ ಹಕ್ಕಿಯೇ. ನಮ್ಮ ಬಳಕೆಯಲ್ಲಿ ಹಕ್ಕಿ ಹಾರಿಹೋಗಿ ಒಳ್ಳೆಯದು ಕೆಟ್ಟದ್ದರ ಸೂಚನೆ ಮಾತ್ರ ಉಳಿದಿದೆ. ಈ ನಂಟಿಗೆ ಮನಸೋತು ‘ಶಾಕುನಿಕ’ ಪದವನ್ನು ಎತ್ತಿಕೊಂಡಿದ್ದೆ, ಆದರೆ ಅದರ ಅರ್ಥ ಹಕ್ಕಿ ಹಿಡಿಯುವವನು ಎಂದು. ಕೇಳುವವರಿಗಂತೂ ಶಕುನ ನುಡಿಯುವವನೇ ನೆನಪಾಗುತ್ತಾನೆ. ಬಿಡಬೇಕಾಯಿತು.

‘ಕಡಲಹಕ್ಕಿ ತಜ್ಞ’ ಎನ್ನೋಣವೆಂದರೆ, ಮಲ್ಪೆಯ ನಮಗೆ ಕಡಲಹಕ್ಕಿಯೆಂದರೆ ದಕ್ಕೆಯ, ಅಂದರೆ ದೋಣಿಗಳು ನಿಲ್ಲುವ ಕಟ್ಟೆಯ, ಸುತ್ತ ಮೀನಿಗಾಗಿ ಕಚ್ಚಾಡುವ ಹಕ್ಕಿ. ಒಂದು ಸೆಪ್ಟೆಂಬರಿನಲ್ಲಿ ಆಳಸಮುದ್ರದ ಬೋಟಿನಲ್ಲಿ ಹೋಗಿದ್ದಾಗ ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ ಕಂಡಿತು. ಗುಬ್ಬಿಗಿಂತ ತುಸು ದೊಡ್ಡದು, ಕಪ್ಪು ಮೈ, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ರೆಕ್ಕೆಗಳನ್ನು ಎತ್ತಿ ಹಿಡಿದು, ಕಾಲು ಇಳಿಬಿಟ್ಟು, ನೀರಿನ ಮೇಲೆ ನಡೆಯುತ್ತಿರುವಂತೆ ತಟ್ಟುತ್ತ ಏನನ್ನೋ ಹೆಕ್ಕುತ್ತಿತ್ತು. ಅಂಟಾರ್ಕ್ಟಿಕದ ಕಡೆ ಮರಿ ಮಾಡಿ ಇಷ್ಟು ದೂರ ಬರುವ ಜೀವ ಅದು. ಬೋಟು ನಡೆಸುವ ತಾಂಡೇಲರು, “ಇದು ದಕ್ಕೆಗೆ ಬರುವುದಲ್ಲ ಮಾರಾಯ್ರೆ, ಹೊರಗಿನದ್ದು” ಎಂದರು. ದಡದ್ದಕ್ಕೂ ಹೊರಗಿನದ್ದಕ್ಕೂ ಅವರು ಎಳೆದ ಗೆರೆ ನನ್ನ ಪದದಲ್ಲಿ ಇರಲಿಲ್ಲ.

ಆದ್ದರಿಂದ ಈಗ ‘ನಡುಗಡಲ ಪಕ್ಷಿತಜ್ಞ’ ಎಂಬುದರ ಕಡೆಗೆ ವಾಲಿದ್ದೇನೆ. ಇದರಲ್ಲಿ ಹಡಗು ಬಿಟ್ಟುಹೋಗುತ್ತದೆ ಎಂಬ ಕೊರಗಿದೆ. ‘ನೌಕಾ’ ಸೇರಿಸಿದರೆ ನೌಕಾಪಡೆಯ ವಾಸನೆ ಬರುತ್ತದೆ. ಮೊಗವೀರರ ತುಳು ಮಾತಿನಲ್ಲಾಗಲಿ, ಖಾರ್ವಿಗಳ ಕೊಂಕಣಿಯಲ್ಲಾಗಲಿ ದಡಕ್ಕೆ ಬಾರದ ಹಕ್ಕಿಗಳಿಗೆ ಪ್ರತ್ಯೇಕ ಹೆಸರಿದ್ದರೆ, ಬಲ್ಲವರು ಅದನ್ನು ಬಳಕೆಯ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.