ಲ್ಯಾಪಿಂಗ್ ಮಾಡಿದರೂ ಸ್ಟೀಮ್ ವಾಲ್ವ್ ಲೀಕ್ ನಿಲ್ಲುತ್ತಿಲ್ಲ

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ವಾಲ್ವ್ ರಿಪೇರಿ ಮಾಡುತ್ತೇನೆ, ಊರು ಗದಗ. 2 ಇಂಚಿನ ಗ್ಲೋಬ್ ವಾಲ್ವ್, ಎರಡು ಸಲ ಲ್ಯಾಪ್ ಮಾಡಿದೆ, ಅಂದರೆ ಪೇಸ್ಟ್ ಹಚ್ಚಿ ಡಿಸ್ಕನ್ನು (ಮುಚ್ಚುವ ಬಿಲ್ಲೆ) ಸೀಟಿನ (ಅದು ಕೂರುವ ಜಾಗ) ಮೇಲೆ ಉಜ್ಜಿದೆ. ಗಟ್ಟಿಯಾಗಿ ಮುಚ್ಚಿದರೂ ಹಬೆ ಸುಂಯ್ ಅನ್ನುತ್ತದೆ. ಸೀಟಿನ ಮೇಲೆ ಕೂದಲೆಳೆಯಂಥ ಗೆರೆ ಇದೆ, ಉಗುರು ಸಿಕ್ಕಿಕೊಳ್ಳುತ್ತದೆ. ಇನ್ನೂ ಉಜ್ಜಲಾ?

ಉತ್ತರ: ಸುಮ್ನೆ ಉಜ್ಜಬೇಡಿ ಅಣ್ಣಾ. ಉಗುರು ಸಿಕ್ಕಿದರೆ ಅದು ಹಬೆ ಕೊರೆದ ಗೆರೆ, ಪೇಸ್ಟ್‌ಗೆ ಹೋಗಲ್ಲ. ಮೊದಲು ಸೀಟು, ಡಿಸ್ಕ್ ಎರಡನ್ನೂ ಮಷಿನ್ ಮಾಡಿಸಿ, ಅಂದರೆ ಮಷಿನ್‌ನಲ್ಲಿ ತೆಳ್ಳಗೆ ಕತ್ತರಿಸಿ ಸಮ ಮಾಡಿಸಿ. ಆಮೇಲೆ 220 ಗ್ರಿಟ್‌ನ ಪೇಸ್ಟ್ (ದಪ್ಪ ಕಣ), ಕೊನೆಗೆ 600 (ನುಣ್ಣನೆಯದು). ಜಾಸ್ತಿ ಒತ್ತಬೇಡಿ. ಆ ಕಡೆ ಈ ಕಡೆ ತಿರುಗಿಸುತ್ತಾ, ಆಗಾಗ ಡಿಸ್ಕ್ ಎತ್ತಿ ಜಾಗ ಬದಲಿಸಿ.

ಇನ್ನೊಬ್ಬರು: ಪೇಸ್ಟ್ ಬದಲಿಸುವಾಗ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಒಂದು ದಪ್ಪ ಕಣ ಉಳಿದರೂ ಹೊಸ ಗೀರು ಬೀಳುತ್ತದೆ. ಕೊನೆಗೆ ಒಂದಕ್ಕೆ ತೆಳ್ಳಗೆ ಬ್ಲೂ (ಗುರುತಿನ ನೀಲಿ ಬಣ್ಣ) ಹಚ್ಚಿ ಇನ್ನೊಂದಕ್ಕೆ ಒತ್ತಿ ನೋಡಿ, ಅಂಟಿದ ಉಂಗುರ ಎಲ್ಲೂ ತುಂಡಾಗಬಾರದು.

ಕೇಳಿದವರು: ಮಷಿನ್ ಮಾಡಿಸಿದೆ. ನೀಲಿ ಉಂಗುರ ಪೂರ್ತಿ ಬಂತು! ಹೈಡ್ರೋ ಟೆಸ್ಟ್‌ನಲ್ಲಿ (ನೀರಿನ ಒತ್ತಡದ ಪರೀಕ್ಷೆ) ಒಂದು ಹನಿಯೂ ಇಲ್ಲ.